ತೆರಿಗೆಯ ದುಡ್ಡು ಎಲ್ಲಿಡೋಣ? ಗಡಿಭಾಗದ ಸ್ವಂತ ಉದ್ಯೋಗಿಗಳಿಗೆ ಒಂದು ಲೆಕ್ಕ

2025ರ ಜುಲೈನಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ಸಣ್ಣ ವರ್ತಕರಿಗೆ ನೋಟಿಸ್ ಕೊಟ್ಟಿತು. ಬೇಕರಿ, ಬೀಡಾ ಅಂಗಡಿ, ತರಕಾರಿ ಅಂಗಡಿಯವರೆಲ್ಲ ಗಾಬರಿಯಾದರು. ಪ್ರತಿಭಟನೆ ನಡೆದ ಮೇಲೆ ಹಳೆ ಬಾಕಿಯ ಬಗ್ಗೆ ಸರ್ಕಾರದಿಂದ ರಿಯಾಯಿತಿಯ ಭರವಸೆ ಸಿಕ್ಕಿತು. ಇದು ಆಂಧ್ರದಲ್ಲಿರುವ ನಮಗೆ ಸಂಬಂಧವಿಲ್ಲದ ಸುದ್ದಿ ಎನಿಸಬಹುದು. ಆದರೆ ಹೊಳಗುಂದ, ಆದವಾನಿ, ಸಿರುಗುಪ್ಪದ ಅಂಗಡಿಗಳ ಮುಂದೆಯೂ ಅದೇ ಕ್ಯೂಆರ್ ಕೋಡ್ ಅಂಟಿದೆ. ನಮ್ಮ ವಹಿವಾಟು ಇಂದು ಬ್ಯಾಂಕಿನ ಲೆಕ್ಕದಲ್ಲಿ ಕಾಣುತ್ತದೆ. ತೆರಿಗೆ ಬರುವುದು ಗೊತ್ತಿದ್ದ ಮೇಲೆ, ಆ ದುಡ್ಡನ್ನು ಎಲ್ಲಿ ಇಟ್ಟಿರಬೇಕು ಎಂಬುದೇ ಉಳಿದ ಪ್ರಶ್ನೆ.

ಮೊದಲು ಒಂದು ಸಮಾಧಾನದ ಮಾತು. ಹೊಸ ಪದ್ಧತಿಯಲ್ಲಿ ವರ್ಷದ ಆದಾಯ 12 ಲಕ್ಷ ಮೀರದಿದ್ದರೆ ರಿಯಾಯಿತಿಯಿಂದಾಗಿ ಆದಾಯ ತೆರಿಗೆ ಬೀಳುವುದಿಲ್ಲ. ನಮ್ಮ ದರ್ಜಿಗಳು, ಮೆಕ್ಯಾನಿಕ್‌ಗಳು, ಕಿರಾಣಿ ಅಂಗಡಿಯವರಲ್ಲಿ ಬಹುತೇಕರು ಈ ಗೆರೆಯ ಒಳಗೇ ಇದ್ದಾರೆ. ಗೆರೆ ದಾಟುವವರು ಗೊಬ್ಬರ ಮತ್ತು ಬೀಜದ ಅಂಗಡಿ, ಹಾರ್ಡ್‌ವೇರ್, ಬಟ್ಟೆ ಅಂಗಡಿ, ದಲಾಲಿ ಮಂಡಿಯವರು.

ಒಂದು ಲೆಕ್ಕ ನೋಡೋಣ. ಗೊಬ್ಬರದ ಅಂಗಡಿಯೊಂದರ ವರ್ಷದ ವಹಿವಾಟು 2 ಕೋಟಿ. ಅರ್ಧ ನಗದು, ಅರ್ಧ ಬ್ಯಾಂಕಿನ ಮೂಲಕ. ಅಂದಾಜು ಆದಾಯದ ಪದ್ಧತಿಯಲ್ಲಿ ನಗದಿಗೆ ಶೇ 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ 6 ಲಾಭವೆಂದು ತೋರಿಸಿದರೆ ಆದಾಯ 14 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ ತೆರಿಗೆ 90,000, ಅದರ ಮೇಲೆ ಶೇ 4 ಸೆಸ್ ಸೇರಿ 93,600 ರೂಪಾಯಿ. ತಿಂಗಳಿಗೆ ಹಂಚಿದರೆ 7,800. ಈ ಪದ್ಧತಿಯವರು ಪೂರ್ತಿ ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಒಂದೇ ಕಂತಿನಲ್ಲಿ ಕಟ್ಟಬಹುದು.

ಮಂಡಿಯವರು ಇಲ್ಲಿ ಎಚ್ಚರ ವಹಿಸಬೇಕು. ಕಮಿಷನ್, ದಲಾಲಿ ಆದಾಯಕ್ಕೆ ಈ ಪದ್ಧತಿ ಇಲ್ಲ. ಅವರ ತೆರಿಗೆ 10,000 ಅಥವಾ ಹೆಚ್ಚಾದರೆ ಜೂನ್ 15ಕ್ಕೆ ಶೇ 15, ಸೆಪ್ಟೆಂಬರ್ 15ಕ್ಕೆ ಒಟ್ಟು ಶೇ 45, ಡಿಸೆಂಬರ್ 15ಕ್ಕೆ ಶೇ 75, ಮಾರ್ಚ್ 15ಕ್ಕೆ ಪೂರ್ತಿ ಕಟ್ಟಿರಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿವೆ, ಈ ತಾರೀಕುಗಳು ಬದಲಾಗಿಲ್ಲ.

ನಮ್ಮ ಭಾಗದ ತೊಡಕು ಬೇರೆ. ಪಟ್ಟಣದ ನೌಕರನಿಗೆ ತಿಂಗಳು ತಿಂಗಳು ಸಂಬಳ. ನಮ್ಮಲ್ಲಿ ದೇವರಗಟ್ಟಿನ ದಸರಾ ಮುಗಿದು ಹತ್ತಿ ಆದವಾನಿ ಮಾರುಕಟ್ಟೆಗೆ ಹೋದ ಮೇಲೆಯೇ ರೈತ ಬಾಕಿ ತೀರಿಸುತ್ತಾನೆ. ಸಂಕ್ರಾಂತಿ ಹೊತ್ತಿಗೆ ಗಲ್ಲಾ ತುಂಬಿರುತ್ತದೆ. ಮಾರ್ಚ್ ಬರುವಷ್ಟರಲ್ಲಿ ಮದುವೆ, ಹೊಸ ಸರಕು, ಸಾಲ ಎಂದು ಖಾಲಿ. ದುಡ್ಡು ಬಂದೇ ಇಲ್ಲವೆಂದಲ್ಲ, ಬಂದ ದಿನ ಅದನ್ನು ಬೇರೆ ಮಾಡಿರುವುದಿಲ್ಲ.

ಎಲ್ಲಿ ಇಡಬಹುದು?

ಬೇರೆ ಉಳಿತಾಯ ಖಾತೆ: ಅಂಗಡಿಯ ಕರೆಂಟ್ ಅಕೌಂಟಿನಲ್ಲಿ ಬಡ್ಡಿಯೂ ಇಲ್ಲ, ಕೈಗೆ ಅಡ್ಡಿಯೂ ಇಲ್ಲ. ಯುಪಿಐ ಜೋಡಿಸದ, ಎಟಿಎಂ ಕಾರ್ಡ್ ಮನೆಯಲ್ಲೇ ಉಳಿಯುವ ಒಂದು ಉಳಿತಾಯ ಖಾತೆ ಸಾಕು. ಕಂತು ಕಂತಾಗಿ ತೆರಿಗೆ ಕಟ್ಟುವ ಮಂಡಿಯವರಿಗೆ ಇದೇ ಸರಿ.

ಸಣ್ಣ ಅವಧಿಯ ಎಫ್‌ಡಿ: ಬ್ಯಾಂಕುಗಳಲ್ಲಿ 7 ದಿನದಿಂದಲೇ ಸಿಗುತ್ತದೆ. ಡಿಸೆಂಬರ್‌ನಲ್ಲಿ ಬಂದ ದುಡ್ಡನ್ನು ಮಾರ್ಚ್ ಮೊದಲ ವಾರಕ್ಕೆ ಮುಗಿಯುವಂತೆ ಇಡಬಹುದು. ಅವಧಿಗೆ ಮುನ್ನ ಮುರಿದರೆ ಬಡ್ಡಿ ಎಷ್ಟು ಕಡಿತ ಎಂದು ಮೊದಲೇ ಕೇಳಿ. ಫಾರಂ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಿಸಿಕೊಂಡು ಸಹಿ ಹಾಕಿ. ಸಹಕಾರಿ ಬ್ಯಾಂಕ್ ಸೇರಿ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಅಸಲು, ಬಡ್ಡಿ ಕೂಡಿ 5 ಲಕ್ಷದವರೆಗೆ ಮಾತ್ರ ವಿಮೆ ಇದೆ.

ಬ್ಯಾಂಕಿನ ಆರ್‌ಡಿ: ತಿಂಗಳು ತಿಂಗಳು ವರಮಾನ ಇರುವವರಿಗೆ ಒಳ್ಳೆಯದು. 9 ತಿಂಗಳ ಆರ್‌ಡಿ ಇರುವ ಬ್ಯಾಂಕಿನಲ್ಲಿ ಜೂನ್ ಮೊದಲ ವಾರ ಶುರು ಮಾಡಿದರೆ ಮಾರ್ಚ್ ಮೊದಲ ವಾರ ಕೈಗೆ ಬರುತ್ತದೆ.

ಅಂಚೆ ಕಚೇರಿ: ಭದ್ರತೆಯಲ್ಲಿ ದೋಷವಿಲ್ಲ, ಆದರೆ ಅಲ್ಲಿನ ಆರ್‌ಡಿ 5 ವರ್ಷದ್ದು, 3 ವರ್ಷದ ಮೊದಲು ಮುಚ್ಚಲಾಗದು. ಒಂದು ವರ್ಷದ ಠೇವಣಿಯನ್ನೂ 6 ತಿಂಗಳು ಮುಟ್ಟುವಂತಿಲ್ಲ. ಮಗಳ ಮದುವೆಗೆ ಸರಿ, ಮಾರ್ಚಿನ ತೆರಿಗೆಗೆ ಅಲ್ಲ.

ಸಿಸಿ ಸಾಲದ ಖಾತೆ: ದುಡ್ಡು ಅಲ್ಲೇ ಬಿಟ್ಟರೆ ಸಾಲದ ಬಡ್ಡಿ ಇಳಿಯುತ್ತದೆ, ಎಫ್‌ಡಿಗಿಂತ ಲಾಭ. ಆದರೆ ಸರಕು ಬಂದಾಗ ಅದನ್ನು ಎತ್ತದೆ ಇರುವ ಗಟ್ಟಿತನ ಬೇಕು.

ಚೀಟಿ, ಬಂಗಾರ, ಕೈಸಾಲ: ತೆರಿಗೆ ದುಡ್ಡನ್ನು ಇಲ್ಲಿ ಹಾಕಬೇಡಿ. ಬೇಕಾದ ದಿನ ವಾಪಸ್ ಬರುವ ಖಾತ್ರಿ ಇಲ್ಲ.

ಇನ್ನೊಂದು ದಾರಿ ನಮ್ಮಲ್ಲಿ ಹೆಚ್ಚು ಜನ ಯೋಚಿಸುವುದಿಲ್ಲ. ಮುಂಗಡ ತೆರಿಗೆಗೆ ಮಾರ್ಚ್ 15 ಕೊನೆಯ ದಿನವೇ ಹೊರತು ಮೊದಲ ದಿನವಲ್ಲ. ಸಂಕ್ರಾಂತಿಯಲ್ಲಿ ದುಡ್ಡು ಬಂದಾಗಲೇ ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಕಟ್ಟಿ ಚಲನ್ ತೆಗೆದಿಟ್ಟುಕೊಂಡರೆ ಎರಡು ತಿಂಗಳ ಪುಡಿಬಡ್ಡಿ ಹೋಗಬಹುದು, ಆದರೆ ನಿಶ್ಚಿಂತೆ.

ಬಡ್ಡಿಯ ಮಾತು ಬಂದದ್ದರಿಂದ ಹೇಳುತ್ತೇವೆ. ಎಲ್ಲೋ ಅರ್ಧ ಪರ್ಸೆಂಟ್ ಹೆಚ್ಚು ಸಿಕ್ಕರೆ 93,600ಕ್ಕೆ ವರ್ಷಕ್ಕೆ 468 ರೂಪಾಯಿ. ಅದೇ ದುಡ್ಡನ್ನು ಮಾರ್ಚ್‌ನಲ್ಲಿ ಕಟ್ಟದೆ ಜುಲೈ ಕೊನೆಗೆ ಕಟ್ಟಿದರೆ ಕಂತು ತಪ್ಪಿದ್ದಕ್ಕೆ 936, ಏಪ್ರಿಲ್‌ನಿಂದ ತಿಂಗಳಿಗೆ ಶೇ 1ರಂತೆ 3,744, ಒಟ್ಟು 4,680 ದಂಡ. "ಊರಲ್ಲಿ ಎರಡು ರೂಪಾಯಿ ಬಡ್ಡಿ, ಸರ್ಕಾರದ್ದು ಒಂದೇ ರೂಪಾಯಿ" ಎನ್ನುವವರಿದ್ದಾರೆ. ಲೆಕ್ಕ ಸರಿ, ಆದರೆ ಬೇಸಿಗೆಯಲ್ಲಿ ಅಸಲನ್ನು ಎಲ್ಲಿಂದ ತರುವುದು? ಮುಂದಿನ ಹತ್ತಿ ಬರುವುದು ದಸರಾಕ್ಕೆ.

ಜಿಎಸ್‌ಟಿ ಮಾತ್ರ ಬೇರೆಯೇ. ಗ್ರಾಹಕರಿಂದ ವಸೂಲು ಮಾಡಿದ ತೆರಿಗೆ ನಮ್ಮ ದುಡ್ಡೇ ಅಲ್ಲ, ಅದನ್ನು ವಾರಕ್ಕೊಮ್ಮೆ ಬೇರೆ ಖಾತೆಗೆ ದಾಟಿಸಿ. ಕಾಂಪೊಸಿಷನ್‌ನಲ್ಲಿರುವ ವ್ಯಾಪಾರಿಗಳು ಶೇ 1ನ್ನು ತಮ್ಮ ಕೈಯಿಂದಲೇ ಕಟ್ಟಬೇಕು, ಮೂರು ತಿಂಗಳು ಮುಗಿದ ಮೇಲೆ 18ನೇ ತಾರೀಕಿನೊಳಗೆ. ಗಡಿಯವರಿಗೆ ಒಂದು ಕಿವಿಮಾತು: ಕಾಂಪೊಸಿಷನ್‌ನಲ್ಲಿದ್ದು ಹೊಳಗುಂದದಿಂದ ಸಿರುಗುಪ್ಪಕ್ಕೆ ಸರಕು ಕಳಿಸಿ ಮಾರುವಂತಿಲ್ಲ. ಊರು ಹತ್ತಿರವಾದರೂ ರಾಜ್ಯ ಬೇರೆ.

ಸದಸ್ಯರು ಇಷ್ಟು ಮಾಡಿದರೆ ಸಾಕು: ಕಳೆದ ವರ್ಷದ ರಿಟರ್ನ್ ತೆಗೆದು ಕಟ್ಟಿದ ತೆರಿಗೆ ನೋಡಿ, ಹನ್ನೆರಡರಿಂದ ಭಾಗಿಸಿ, ಈ ವಾರವೇ ಬೇರೆ ಖಾತೆ ತೆರೆಯಿರಿ. ನಿಮ್ಮ ಆದಾಯ ಯಾವ ಪದ್ಧತಿಗೆ ಬರುತ್ತದೆ ಎಂಬುದನ್ನು ನಿಮ್ಮ ಆಡಿಟರ್ ಬಳಿ ಕೇಳಿ ಖಚಿತಪಡಿಸಿಕೊಳ್ಳಿ.