ನಮ್ಮ ವಾರ್ಡಿನ ಮೆಂಬರ್ ಯಾರು?

ಮಕ್ಕಳೇ, ರಜೆಗೆಂದು ಬೆಂಗಳೂರಿನಿಂದ ಬೆಟಗೇರಿಗೆ ಬಂದ ಮೊಮ್ಮಗಳು ಕಟ್ಟೆಯ ಮೇಲೆ ಕುಳಿತು ಕೇಳಿದಳು: “ಅಜ್ಜಾ, ನಮ್ಮ ಬೀದಿದೀಪ ಕೆಟ್ಟರ ಮುಖ್ಯಮಂತ್ರಿಗೆ ಹೇಳಬೇಕೇನು? ಅವರೂ ಬೆಂಗಳೂರಾಗ ಅದಾರಲ್ಲ!”

“ಬ್ಯಾಡವ್ವ, ಅದು ಪಾಲಿಕೆ ಕೆಲಸ” ಎಂದೆ.

ರಾಜಧಾನಿಯಾದರೇನು, ಕಸ ಎತ್ತುವುದು, ಬೀದಿದೀಪ ನೋಡಿಕೊಳ್ಳುವುದು ಊರಿನ ಆಡಳಿತದ ಹೊಣೆ. ಗದಗ-ಬೆಟಗೇರಿಯಲ್ಲಿ ಅದು ನಗರಸಭೆ. ಲಕ್ಷ್ಮೇಶ್ವರ, ಮುಂಡರಗಿಯಲ್ಲಿ ಪುರಸಭೆ. ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ. ನೀರಿನ ವಿಷಯದಲ್ಲಿ ಮಾತ್ರ ವ್ಯತ್ಯಾಸವಿದೆ. ನಮಗೆ ತುಂಗಭದ್ರೆಯ ನೀರು ಮುಟ್ಟಿಸುವ ಹೊಣೆ ನಗರಸಭೆಯದು. ಬೆಂಗಳೂರಿನಲ್ಲಿ ಕಾವೇರಿ ನೀರಿಗೆ ಜಲಮಂಡಳಿ ಬೇರೆಯೇ ಇದೆ.

ಇಲ್ಲಿ ಎರಡು ಊರು ಸೇರಿ ಒಂದು ನಗರಸಭೆ. ಅಲ್ಲಿ ಒಂದೇ ಊರಿಗೆ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳು! ಅದಕ್ಕೂ ಮೊದಲಿನ ಮಾತು ಕೇಳಿರಿ. 2020ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಅಧಿಕಾರಿಗಳಿದ್ದರು, ಆದರೆ “ನಿಮಗೆ ಓಟು ಹಾಕೀವಿ, ನಮ್ಮ ದೀಪ ಹಚ್ಚಿಸ್ರಿ” ಎಂದು ಕೇಳಲು ವಾರ್ಡಿನ ಸದಸ್ಯರಿರಲಿಲ್ಲ.

“ಹಂಗಾದ್ರ ನಿಮ್ಮ ವಾರ್ಡಿನ ಮೆಂಬರ್ ಯಾರಜ್ಜಾ?”

ನನ್ನ ಬಾಯಿ ಕಟ್ಟಿತು. ದಿಲ್ಲಿಗೆ, ವಿಧಾನಸೌಧಕ್ಕೆ ಆರಿಸುವ ಓಟು ಒಂದನ್ನೂ ತಪ್ಪಿಸಿದವನಲ್ಲ. ನಗರಸಭೆಯ ಓಟಿನ ದಿನ ಮಾತ್ರ ಮದುವೆಯ ಊಟಕ್ಕೆ ಹೋಗಿದ್ದೆ! ಬಾಗಿಲ ಮುಂದಿನ ದೀಪ ಯಾವ ಓಟಿನಿಂದ ಹತ್ತುತ್ತದೆಂದು ಯೋಚಿಸಿರಲಿಲ್ಲ.

ಮರುದಿನ ಇಬ್ಬರೂ ಪಕ್ಕದ ಮನೆಯಲ್ಲಿ ಹೆಸರು ಕೇಳಿಕೊಂಡು, ಸದಸ್ಯರ ಮನೆಗೇ ಹೋಗಿ, ಓಣಿಯ ಮೂಲೆಯ ಕತ್ತಲೆಯ ಕಂಬದ ಬಗ್ಗೆ ಬರೆದು ಕೊಟ್ಟು ಬಂದೆವು.

ಈ ವಾರ ನೀವೂ ನಿಮ್ಮ ಅಜ್ಜ-ಅಜ್ಜಿಗೆ ಇದೇ ಪ್ರಶ್ನೆ ಕೇಳಿರಿ. ಗೊತ್ತಿಲ್ಲವೆಂದರೆ ನಗಬೇಡಿರಿ, ಕೈಹಿಡಿದು ಕರೆದುಕೊಂಡು ಹೋಗಿ, ಕೇಳಿ ತಿಳಿದು ಬನ್ನಿರಿ.