ಪಾತ್ರೆ ತೊಳೆಯುವ ಮೊದಲು

ಕೊಳ್ಳೇಗಾಲ, ಯಳಂದೂರು ಕಡೆಯ ಹುಡುಗರು ಪದವಿಯಲ್ಲಿ ವಿಧಿವಿಜ್ಞಾನವನ್ನು ಮೈನರ್ ವಿಷಯವಾಗಿ ಆರಿಸಿಕೊಂಡರೆ ‘ಧಾರಾವಾಹಿ ನೋಡಿ ಕೆಟ್ಟರು’ ಎಂದು ನಗುವವರಿದ್ದಾರೆ. ಸಂಶೋಧನಾ ವಿದ್ಯಾರ್ಥಿಯಾದ ನನಗೆ ಆ ನಗು ಸಿಟ್ಟು ತರಿಸುತ್ತದೆ. ಹನೂರು ಸೀಮೆಯ ಸುಳ್ವಾಡಿ ಇಷ್ಟು ಬೇಗ ಮರೆತುಹೋಯಿತೇ? 2018ರ ಡಿಸೆಂಬರ್ 14ರಂದು ಮಾರಮ್ಮನ ಗುಡಿಯಲ್ಲಿ ಪ್ರಸಾದ ತಿಂದವರಲ್ಲಿ 17 ಮಂದಿ ತೀರಿಕೊಂಡರು. ಅದರಲ್ಲಿ ಬೆರೆತಿದ್ದ ವಿಷ ಹೊಲಕ್ಕೆ ಹೊಡೆಯುವ ಮೊನೊಕ್ರೊಟೊಫಾಸ್ ಎಂದು ತೋರಿಸಿಕೊಟ್ಟದ್ದು ಪ್ರಯೋಗಾಲಯದ ಪರೀಕ್ಷೆ.

2024ರ ಜುಲೈ 1ರಂದು ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧ ನಡೆದಲ್ಲಿಗೆ ತಜ್ಞರು ಹೋಗಬೇಕೆನ್ನುತ್ತದೆ. ಮೈನರ್ ಓದಿದ ಮಾತ್ರಕ್ಕೆ ಯಾರೂ ತಜ್ಞರಾಗುವುದಿಲ್ಲ, ನಿಜ. ಆದರೆ ತಜ್ಞರು ಬರುವ ತನಕ ಉಳಿದ ಅನ್ನ ಚೆಲ್ಲಬೇಡಿ, ಪಾತ್ರೆ ತೊಳೆಯಬೇಡಿ ಎಂದು ತಡೆಯಬಲ್ಲವರು ಊರಿಗೊಬ್ಬರಾದರೂ ಬೇಡವೇ?