ಸುತ್ತುವ ಚಕ್ರವು ಕಾರಣವನ್ನೂ ಹೇಳಲಿ: ಪ್ರಸಾರ ಭಾರತಿಯ ಮುಖ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಆಕಾಶವಾಣಿ ಮತ್ತು ದೂರದರ್ಶನಗಳು ಗೋಪುರಗಳ ನೆತ್ತಿಯಿಂದ ಇಳಿದು ಅಂತರ್ಜಾಲದ ಹಾದಿಯಲ್ಲಿಯೂ ನಮ್ಮ ಅಂಗೈಯ ಫೋನನ್ನು ಬಂದು ಸೇರತೊಡಗಿರುವುದು ಈ ಕಾಲದ ಒಂದು ಸಂತೋಷದ ಸಂಗತಿಯೆಂದು ನಾನು ಭಾವಿಸಿದ್ದೇನೆ. ನ್ಯೂಸ್ ಆನ್ ಏರ್ ಎಂಬ ಆ್ಯಪ್‌ನ ಮೂಲಕ ಧಾರವಾಡದ ಬಾನುಲಿಯನ್ನು ಕೊಲ್ಲಿಯ ನಾಡಿನಲ್ಲಿರುವ ಕನ್ನಡಿಗನು ಕೇಳಬಲ್ಲನು. 2024ರ ನವೆಂಬರ್ 20ರಂದು ಗೋವೆಯ ಚಲನಚಿತ್ರೋತ್ಸವದಲ್ಲಿ ಲೋಕಾರ್ಪಣೆಗೊಂಡ ವೇವ್ಸ್ ಎಂಬ ವೇದಿಕೆಯು ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಸಾಮಗ್ರಿಯನ್ನು ಒಂದೆಡೆ ತಂದಿರಿಸಿದೆ. ನಾನು ಈ ಪತ್ರವನ್ನು ಬರೆಯಲು ತೊಡಗಿದುದು ಅವುಗಳನ್ನು ಹಳಿಯುವುದಕ್ಕಲ್ಲ. ಅಂತರ್ಜಾಲದ ಪ್ರಸಾರವು ನಡುವೆ ನಿಂತುಹೋದಾಗ, ಅದು ಏಕೆ ನಿಂತಿತೆಂಬುದನ್ನು ಸಾಮಾನ್ಯ ಶ್ರೋತೃವಿಗೆ ಅವನ ಭಾಷೆಯಲ್ಲಿ ತಿಳಿಸುವ ಹೊಣೆಯೂ ಪ್ರಸಾರಕಾರ್ಯದ ಒಂದು ಅಂಗವೇ ಎಂಬುದನ್ನು ತಮ್ಮ ಗಮನಕ್ಕೆ ತರುವುದೊಂದೇ ನನ್ನ ಉದ್ದೇಶ.

1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ಸಣ್ಣದೊಂದು ಪ್ರೇಷಕ ಯಂತ್ರವನ್ನಿಟ್ಟು ಬಾನುಲಿಯನ್ನು ಆರಂಭಿಸಿದಂದಿನಿಂದ, ಕನ್ನಡದ ಶ್ರೋತೃವು ಕಾರ್ಯಕ್ರಮಗಳೊಂದಿಗೆ ಅದರ ಕಾಯಿಲೆಗಳನ್ನೂ ಕಿವಿಯಿಂದಲೇ ಗುರುತಿಸಲು ಕಲಿತನು. ಮುಂಗಾರಿನ ಗುಡುಗಿಗೆ ಪಟಪಟನೆ ಸಿಡಿಯುವ ಸದ್ದು ಬೇರೆ, ಪಕ್ಕದ ಮನೆಯ ಮಿಕ್ಸರ್ ತಿರುಗಿದಾಗಿನ ಗೊರಗೊರ ಬೇರೆ. ಇರುಳಿನಲ್ಲಿ ದೂರದ ನಿಲ್ದಾಣವೊಂದು ತೇಲಿಬಂದು ಅಲೆಯಂತೆ ಏರಿಳಿಯುವ ಪರಿ ಬೇರೆ, ಮುಳ್ಳು ಒಂದು ಕೂದಲೆಳೆಯಷ್ಟು ಸರಿದುದರಿಂದ ದನಿಯು ಮೂಗಿನಲ್ಲಿ ಆಡಿದಂತಾಗುವುದು ಬೇರೆ. ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765, ಭದ್ರಾವತಿ 675 ಎಂಬ ಅಂಕಿಗಳು ಮನೆಯ ಹಿರಿಯರ ನಾಲಗೆಯಲ್ಲಿದ್ದವು. ಅಕ್ಷರ ಬಾರದ ಅಜ್ಜಿಯು ಕೂಡ ‘ಇದು ಮೋಡದ ಕಾಟ, ಸೆಟ್ಟಿನದಲ್ಲ’ ಎಂದು ನಿರ್ಣಯಿಸಿ, ಪೆಟ್ಟಿಗೆಯನ್ನು ಕಿಟಕಿಯ ಕಡೆಗೆ ತಿರುಗಿಸಿ ಇಡುತ್ತಿದ್ದಳು. ದೋಷವು ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತಿದ್ದುದರಿಂದ ಪರಿಹಾರವು ಮನುಷ್ಯನ ಕೈಯಳತೆಯಲ್ಲಿತ್ತು.

ಅಂತರ್ಜಾಲದ ಪ್ರಸಾರದಲ್ಲಿಯಾದರೋ ಎಲ್ಲ ದೋಷಗಳಿಗೂ ಮುಖ ಒಂದೇ: ಪರದೆಯ ನಡುವೆ ಸುತ್ತುವ ಆ ಚಕ್ರ. ‘ತಿರುಗ್ತಾನೇ ಇದೆ, ಬರ್ತಿಲ್ಲ’ ಎಂಬುದಕ್ಕಿಂತ ಹೆಚ್ಚಿನ ರೋಗಲಕ್ಷಣವನ್ನು ಹೇಳಲು ಬಳಕೆದಾರನಿಗೆ ಅಲ್ಲಿ ಅವಕಾಶವೇ ಇಲ್ಲ. ಒಳಗೆ ನಡೆಯುವ ವ್ಯಾಪಾರವಾದರೂ ಅಷ್ಟೇನೂ ನಿಗೂಢವಲ್ಲ. ಕಾರ್ಯಕ್ರಮವನ್ನು ಕೆಲವು ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದು ತುಣುಕನ್ನೂ ಉತ್ತಮ, ಮಧ್ಯಮ, ಸಾಧಾರಣವೆಂಬ ಬೇರೆ ಬೇರೆ ಗುಣಮಟ್ಟಗಳಲ್ಲಿ ಸಿದ್ಧಪಡಿಸಿ, ಅವುಗಳ ಪಟ್ಟಿಯೊಂದನ್ನು ಸರ್ವರ್‌ನಲ್ಲಿ ಇರಿಸುತ್ತಾರೆ. ಫೋನು ಆ ಪಟ್ಟಿಯನ್ನು ಓದಿ, ತನ್ನ ನೆಟ್‌ವರ್ಕಿನ ವೇಗಕ್ಕೆ ತಕ್ಕ ತುಣುಕುಗಳನ್ನು ಒಂದಾದ ಮೇಲೊಂದರಂತೆ ತರಿಸಿಕೊಂಡು, ಎರಡು ಮೂರನ್ನು ಮುಂಗಡವಾಗಿ ಕೂಡಿಟ್ಟುಕೊಂಡು ನುಡಿಸುತ್ತದೆ. ಕೂಡಿಟ್ಟದ್ದು ಮುಗಿದು ಹೊಸದು ಬಾರದಿದ್ದಾಗ ಚಕ್ರವು ಸುತ್ತುತ್ತದೆ. (ಈ ಕೂಡಿಡುವ ಕ್ರಮದಿಂದಲೇ, ಟ್ರಾನ್ಸಿಸ್ಟರಿನಲ್ಲಿ ಗಂಟೆಯ ಸೂಚನೆ ಮೊಳಗಿ ವಾರ್ತೆ ಆರಂಭವಾದ ಎಷ್ಟೋ ಹೊತ್ತಿನ ಮೇಲೆ ಫೋನಿನಲ್ಲಿ ಅದೇ ಗಂಟೆಯು ಮೊಳಗುತ್ತದೆ. ಆಕಾಶವಾಣಿಯನ್ನು ಕೇಳಿ ಗಡಿಯಾರವನ್ನು ಸರಿಪಡಿಸಿಕೊಳ್ಳುತ್ತಿದ್ದ ತಲೆಮಾರಿನವರಿಗೆ ಇದು ಅಪಚಾರವೆಂದೇ ತೋರಬಹುದು.) ಆದರೆ ತುಣುಕು ಬಾರದಿರುವುದಕ್ಕೆ ಕಾರಣವು ಟವರಿನ ದೌರ್ಬಲ್ಯವೋ, ಮನೆಯ ವೈಫೈಯೋ, ಫೋನಿನ ಸೆಟ್ಟಿಂಗೋ, ಸರ್ವರಿನ ದಣಿವೋ, ಸ್ಟುಡಿಯೋದಿಂದಲೇ ಬಾರದ ಧ್ವನಿಯೋ ಎಂಬುದನ್ನು ಆ ಚಕ್ರವು ಹೇಳುವುದಿಲ್ಲ.

ಇದರ ಫಲವನ್ನು ನಮ್ಮೂರಿನಲ್ಲಿಯೇ ಕಂಡಿದ್ದೇನೆ. ನಿವೃತ್ತ ಮೇಷ್ಟ್ರೊಬ್ಬರ ಫೋನಿನಲ್ಲಿ ಯಾವ ಪ್ರಸಾರದ ಆ್ಯಪ್ ತೆರೆದರೂ ಚಕ್ರವೇ ಸುತ್ತುತ್ತಿದ್ದಿತು. ಅವರು ಆ್ಯಪ್‌ಗಳನ್ನು ಮುಚ್ಚಿ ಮತ್ತೆ ತೆರೆದರು. ಸಿಮ್ಮನ್ನು ಕಳಚಿ ಅಂಗಿಯ ಅಂಚಿನಿಂದ ಒರೆಸಿದರು. ಅಂಗಡಿಯ ಹುಡುಗನು ‘ಸೆಟ್ ಹಳೇದು ಸಾರ್, ಹೊಸದು ತಗೊಳ್ಳಿ’ ಎಂದು ತೀರ್ಪನ್ನೂ ಕೊಟ್ಟಿದ್ದನು. ಫೋನಿನ ಮೂಲೆಯಲ್ಲಿ ಸಮಯವೇನೋ ಸರಿಯಾಗಿಯೇ ಇದ್ದಿತು. ಸಂದೇಶ ಕಳುಹಿಸುವ ಒಂದು ಆ್ಯಪ್ ಮಾತ್ರ ‘ನಿಮ್ಮ ಫೋನಿನ ದಿನಾಂಕ ಸರಿಯಿಲ್ಲ’ ಎಂದು ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದಿತು; ಅದು ಆ ಆ್ಯಪ್‌ನ ಗೊಣಗಾಟವೆಂದು ಮೇಷ್ಟ್ರು ಲಕ್ಷಿಸಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ನೋಡಿದರೆ, ಬ್ಯಾಟರಿ ಪೂರ್ತಿ ಬತ್ತಿಹೋದ ಒಂದು ಸಂದರ್ಭದಲ್ಲಿ ಇಸವಿಯು 2019ಕ್ಕೆ ಹಿಂದೆ ಸರಿದಿದ್ದು, ಗಂಟೆಯನ್ನು ಕೈಯಿಂದ ತಿದ್ದಿದವರು ಇಸವಿಯನ್ನು ಹಾಗೆಯೇ ಬಿಟ್ಟಿದ್ದರು. ಈಗಿನ ಸರ್ವರುಗಳೆಲ್ಲವೂ ತಮ್ಮ ಗುರುತಿಗಾಗಿ ಒಂದು ಸುರಕ್ಷತಾ ಪ್ರಮಾಣಪತ್ರವನ್ನು ತೋರಿಸುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯುಂಟು. 2019ರಲ್ಲಿ ಬದುಕುತ್ತಿದ್ದ ಆ ಫೋನಿಗೆ ಎಲ್ಲರ ಪ್ರಮಾಣಪತ್ರಗಳೂ ಇನ್ನೂ ಹುಟ್ಟದೆ ಇದ್ದವುಗಳಾಗಿ ಕಂಡು, ಅದು ಯಾರನ್ನೂ ನಂಬದೆ ಬಾಗಿಲು ಮುಚ್ಚಿಕೊಂಡಿದ್ದಿತು. ದಿನಾಂಕವನ್ನು ನೆಟ್‌ವರ್ಕಿನಿಂದಲೇ ಪಡೆಯುವಂತೆ ಒಂದು ಗುಂಡಿಯನ್ನು ಸರಿಸಿದೊಡನೆ ಭದ್ರಾವತಿಯು ಮಾತನಾಡತೊಡಗಿತು. ಮೇಷ್ಟ್ರು ಸಂತೋಷಪಟ್ಟರೆನ್ನುವುದಕ್ಕಿಂತ, ಇಷ್ಟು ಸಣ್ಣ ಮಾತನ್ನು ತನಗೆ ಯಾರೂ ಹೇಳಲಿಲ್ಲವಲ್ಲ ಎಂದು ಸಿಟ್ಟಾದರೆನ್ನುವುದೇ ನಿಜ.

ಆ ಸಿಟ್ಟು ನ್ಯಾಯವಾದುದೆಂದು ನನ್ನ ಅಭಿಪ್ರಾಯ. ಪರದೆ ಆರಿಸಿದೊಡನೆ ಹಾಡು ನಿಲ್ಲುವುದು ಬಹುಮಟ್ಟಿಗೆ ಬ್ಯಾಟರಿ ಸೇವರಿನ ಕೆಲಸ. ನಮ್ಮ ದೇಶದವರಿಗಷ್ಟೇ ಮೀಸಲಾದ ಚಿತ್ರವೊಂದು ತೆರೆಯದಿರುವುದಕ್ಕೆ, ಮಗನು ಹಾಕಿಕೊಟ್ಟ ವಿಪಿಎನ್ ನಮ್ಮನ್ನು ಪರದೇಶಿಗಳೆಂದು ತೋರಿಸುತ್ತಿರುವುದು ಕಾರಣವಾಗಿರಬಹುದು. ಬ್ರೌಸರಿನಲ್ಲಿ ಚಿತ್ರವು ಓಡುತ್ತಿದ್ದು ದನಿಯಿಲ್ಲದಿದ್ದರೆ, ತಾನಾಗಿ ಶುರುವಾಗುವ ವಿಡಿಯೋಗಳ ಬಾಯಿಯನ್ನು ಬ್ರೌಸರೇ ಮುಚ್ಚಿರುತ್ತದೆ. ಸ್ಪೀಕರಿನ ಚಿಹ್ನೆಯನ್ನು ಒಮ್ಮೆ ಒತ್ತಿದರೆ ಸಾಕು. ಇವೊಂದರಲ್ಲಿಯೂ ತಮ್ಮ ಸಂಸ್ಥೆಯ ತಪ್ಪಿಲ್ಲ. ಆದರೂ ಶ್ರೋತೃವು ‘ಆಕಾಶವಾಣಿ ಬರುವುದಿಲ್ಲ’ ಎಂದೇ ಹೇಳುತ್ತಾನೆ, ಹೇಳಿ ಬೇರೆ ಕಡೆಗೆ ಹೋಗುತ್ತಾನೆ. ಖಾಸಗಿ ಕಂಪನಿಗೆ ಅದು ಒಬ್ಬ ಗಿರಾಕಿಯ ನಷ್ಟವಾದೀತು. 1990ರ ಪ್ರಸಾರ ಭಾರತಿ ಅಧಿನಿಯಮದ 12ನೆಯ ಪ್ರಕರಣದಿಂದ ಜನರಿಗೆ ಅರಿವು, ಶಿಕ್ಷಣ, ಮನೋರಂಜನೆಗಳನ್ನು ಒದಗಿಸುವ ಕರ್ತವ್ಯವನ್ನು ಹೊತ್ತಿರುವ ಸಂಸ್ಥೆಗೆ, ಹಾಗೆ ಹೊರಟುಹೋದವನನ್ನು ಕುರಿತು ನಿಶ್ಚಿಂತೆಯಿಂದ ಇರುವ ಸ್ವಾತಂತ್ರ್ಯವಿಲ್ಲ.

ಆದುದರಿಂದ ನನ್ನ ಮೊದಲನೆಯ ಬಿನ್ನಹವೇನೆಂದರೆ, ಚಕ್ರವು ಕೆಲವು ಸೆಕೆಂಡುಗಳಿಗಿಂತ ಹೆಚ್ಚು ಸುತ್ತಿದರೆ, ಆ್ಯಪ್ ತಾನೇ ಪರೀಕ್ಷಿಸಿ ಕಂಡುಕೊಂಡದ್ದನ್ನು ಬಳಕೆದಾರನು ಆರಿಸಿಕೊಂಡ ಭಾಷೆಯಲ್ಲಿ ಒಂದು ವಾಕ್ಯವಾಗಿ ಬರೆಯಲಿ: ‘ನಿಮ್ಮ ಫೋನಿನ ದಿನಾಂಕ ತಪ್ಪಾಗಿದೆ’, ‘ನೆಟ್‌ವರ್ಕ್ ನಿಧಾನವಾಗಿದೆ, ಧ್ವನಿ ಮಾತ್ರ ಕೇಳುವಿರಾ?’, ‘ತೊಂದರೆ ನಮ್ಮ ಕಡೆಯಲ್ಲಿದೆ, ನೀವು ಏನನ್ನೂ ಬದಲಿಸಬೇಕಾಗಿಲ್ಲ’. ಈ ಕೊನೆಯ ವಾಕ್ಯವು ಎಲ್ಲಕ್ಕಿಂತ ಉಪಕಾರಿ. ಅದನ್ನು ಹೇಳುವ ಧೈರ್ಯ ಸಂಸ್ಥೆಗಿದ್ದರೆ, ಎಷ್ಟು ಸಿಮ್ಮುಗಳು ಅಂಗಿಯ ಒರಸುವಿಕೆಯಿಂದ ಪಾರಾಗಬಹುದೋ!

ಎರಡನೆಯದು ಡೇಟಾದ ವಿಷಯ. ಸೆಕೆಂಡಿಗೆ 64 ಕಿಲೋಬಿಟ್‌ನ ಧ್ವನಿಯನ್ನು ಒಂದು ಗಂಟೆ ಕೇಳಿದರೆ 29 ಎಂಬಿಯ ಒಳಗೇ ಮುಗಿಯುತ್ತದೆ. 2 ಮೆಗಾಬಿಟ್‌ನ ವಿಡಿಯೋ ಅದೇ ಒಂದು ಗಂಟೆಗೆ ಸುಮಾರು 900 ಎಂಬಿಯನ್ನು ನುಂಗುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಮನೆಯವರೆಲ್ಲ ಬದುಕಬೇಕಾದಲ್ಲಿ ಈ ಅಂತರವು ಸಾಮಾನ್ಯವಾದುದಲ್ಲ. ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಂತಹ ರಸಪ್ರಶ್ನೆ, ಅಥವಾ ಒಂದು ಸಂಗೀತ ಕಚೇರಿ, ಕಣ್ಣಿಗಿಂತ ಕಿವಿಯಿಂದಲೇ ಹೆಚ್ಚು ಸವಿಯತಕ್ಕದ್ದು. ಆ ವಾಹಿನಿಗೆ ಧ್ವನಿ ಮಾತ್ರದ ದಾರಿಯೊಂದು ಮುಖಪುಟದಲ್ಲಿಯೇ ಕಾಣುವಂತಿರಲಿ, ಪ್ರತಿಯೊಂದು ಗುಣಮಟ್ಟದ ಪಕ್ಕದಲ್ಲಿ ಗಂಟೆಗೆ ಎಷ್ಟು ಎಂಬಿ ಎಂಬ ಲೆಕ್ಕವೂ ಇರಲಿ. ಎರಡು ಗೆರೆ ಸಿಗ್ನಲ್ಲಿನ ಮಲೆನಾಡಿನ ಕಣಿವೆಗಳಲ್ಲಿ ಇದೊಂದರಿಂದಲೇ ಅರ್ಧ ವ್ಯಾಧಿ ವಾಸಿಯಾಗುತ್ತದೆ.

ಮೂರನೆಯದು ಕ್ರಿಕೆಟ್ಟಿನ ಮಾತು; ಅದನ್ನು ಚಿಕ್ಕದಾಗಿ ಮುಗಿಸುತ್ತೇನೆ. 2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾನೂನಿನಿಂದ ರಾಷ್ಟ್ರೀಯ ಮಹತ್ತ್ವದ ಪಂದ್ಯಗಳು ದೂರದರ್ಶನದ ಭೂತಲ ಪ್ರಸಾರಕ್ಕೂ ಅದರ ಉಚಿತ ಡಿಟಿಎಚ್‌ಗೂ ದೊರೆಯುತ್ತವೆ. ಆ ಹಕ್ಕು ಅಂತರ್ಜಾಲಕ್ಕೆ ತಾನಾಗಿ ಹಬ್ಬುವುದಿಲ್ಲ. ಟಿವಿಯಲ್ಲಿ ಕಾಣುವ ಪಂದ್ಯವು ಫೋನಿನಲ್ಲಿ ಕಾಣದಿರುವುದು ಕೆಟ್ಟುಹೋದುದರಿಂದಲ್ಲ, ಹಕ್ಕಿಲ್ಲದುದರಿಂದ ಎಂಬುದನ್ನು ಪಂದ್ಯದ ಮುನ್ನಾದಿನವೇ ಸಾರಿದರೆ, ಹುಡುಗರು ಇಡೀ ಮಧ್ಯಾಹ್ನ ಫೋನನ್ನು ಆರಿಸಿ ಹೊತ್ತಿಸುತ್ತ ಕೂರುವುದು ತಪ್ಪುತ್ತದೆ.

ಕಡೆಯದಾಗಿ, ನನಗೆ ಅತ್ಯಂತ ಮುಖ್ಯವೆಂದು ತೋರುವ ಬಿನ್ನಹ. ಫೋನಿನಲ್ಲಿ ಕೇಳಲಾಗದವನಿಗೆ ಪರಿಹಾರವನ್ನು ಫೋನಿನಲ್ಲಿಯೇ ಹುಡುಕಿಕೋ ಎನ್ನುವುದು ವಿಚಿತ್ರವಾದ ಉಪದೇಶ. ಖಾಸಗಿಯವರಿಗೆ ಬೇರೆ ದಾರಿಯಿಲ್ಲ, ತಮಗುಂಟು: ಗೋಪುರಗಳು ಇನ್ನೂ ನಿಂತಿವೆ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರು, ಕಲಬುರಗಿ, ಭದ್ರಾವತಿ, ಹಾಸನ, ಚಿತ್ರದುರ್ಗ, ಮಡಿಕೇರಿ, ಕಾರವಾರ, ರಾಯಚೂರುಗಳ ನಿಲಯಗಳು ರೈತನಿಗೆ ಬೀಜೋಪಚಾರವನ್ನೂ ತಾಯಂದಿರಿಗೆ ಲಸಿಕೆಯ ವೇಳೆಯನ್ನೂ ಬಾನುಲಿಯಿಂದಲೇ ಕಲಿಸಿದ ಅನುಭವವುಳ್ಳವು. ಅದೇ ತಾಳ್ಮೆಯಿಂದ ವಾರಕ್ಕೊಮ್ಮೆ ಹತ್ತು ನಿಮಿಷ, ನಿಲಯದ ಇಂಜಿನಿಯರರೊಬ್ಬರೂ ಉದ್ಘೋಷಕರೊಬ್ಬರೂ ಕುಳಿತು, ಶ್ರೋತೃಗಳ ಪತ್ರಗಳನ್ನು ಓದಿ, ಈ ಊರಿನ ಇವರ ಫೋನಿನಲ್ಲಿ ದನಿಯು ಏಕೆ ಕಡಿಯುತ್ತಿದೆ, ಎಲ್ಲಿ ಒತ್ತಿದರೆ ಸರಿಹೋಗುತ್ತದೆ ಎಂಬುದನ್ನು ಆಡುಮಾತಿನಲ್ಲಿ ಹೇಳಲಿ. ಹಿಂದೆ ದೂರದ ದೇಶದ ಹವ್ಯಾಸಿಯೊಬ್ಬನು ತಮ್ಮ ಪ್ರಸಾರವು ಹೇಗೆ ಕೇಳಿಸಿತೆಂದು ವರದಿ ಬರೆದರೆ, ಅದನ್ನು ದೃಢೀಕರಿಸಿ ಅಂದವಾದ ಕಾರ್ಡೊಂದನ್ನು ಆಕಾಶವಾಣಿಯು ಕಳುಹಿಸುತ್ತಿದ್ದಿತು. ತೀರ್ಥಹಳ್ಳಿಯ ಶ್ರೋತೃವಿನ ವರದಿಗೆ ಒಂದು ಸಾಲಿನ ಉತ್ತರವು ಅದಕ್ಕಿಂತ ದುಬಾರಿಯಾಗಲಾರದು. ಮೇಷ್ಟ್ರು ತಮ್ಮ ಫೋನಿನ ಕಥೆಯನ್ನು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದು ಸಿದ್ಧವಾಗಿ ಇಟ್ಟಿದ್ದಾರೆ. ಅದನ್ನು ಯಾವ ವಿಭಾಗದ ಹೆಸರಿಗೆ ಕಳುಹಿಸಬೇಕೆಂಬುದನ್ನು ತಾವು ಯಾವುದಾದರೊಂದು ಪ್ರದೇಶ ಸಮಾಚಾರದ ತರುವಾಯ ಪ್ರಕಟಿಸುವ ಕೃಪೆ ಮಾಡಬೇಕಾಗಿ ಪ್ರಾರ್ಥನೆ.

ಇತಿ,
ತಮ್ಮ ವಿಶ್ವಾಸಿ,
ಮಲೆನಾಡಿನ ಒಬ್ಬ ಶ್ರೋತೃ